ಮನೆಯಂಗಳದ ಡೈನೋಸಾರ್ ಪಾಠ

ಮಗುವಿಗೆ ಅಕ್ಷರಕ್ಕಿಂತ ಮೊದಲು ಪ್ರಶ್ನೆ ಒಲಿಯುತ್ತದೆ. ಮಾತು ಕೂಡಿಸಲು ಬಂದ ದಿನದಿಂದಲೇ ಅದು 'ಅದೇನು, ಇದ್ಯಾಕೆ' ಎಂದು ಕೇಳತೊಡಗುತ್ತದೆ. ಬಹಳಷ್ಟು ಮನೆಗಳಲ್ಲಿ ಹಿರಿಯರಿಂದ ಅದಕ್ಕೆ ದೊರೆಯುವ ಮೊದಲ ಉತ್ತರ 'ಸುಮ್ಮನಿರು' ಎಂಬುದೇ ಆಗಿರುತ್ತದೆ. ಪ್ರಶ್ನೆಯನ್ನು ಉದ್ಧಟತನವೆಂದು ಎಣಿಸುವ ರೂಢಿ ನಮ್ಮಲ್ಲಿ ಬೇರು ಬಿಟ್ಟಿದೆ. ಆದರೆ ನಮ್ಮ ಧರ್ಮಪರಂಪರೆ ಇಂಥ ರೂಢಿಗೆ ಆಸರೆ ಕೊಡುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಸಮ್ಮುಖದಲ್ಲಿ ನಡೆದುದು ಉಪದೇಶಕ್ಕಿಂತ ಹೆಚ್ಚಾಗಿ ಪ್ರಶ್ನೋತ್ತರ. ಅಕ್ಕಮಹಾದೇವಿಯವರನ್ನೂ ಅಲ್ಲಿ ಪ್ರಶ್ನಿಸಲಾಯಿತು. ಅವರು ಅಳುಕದೆ ಉತ್ತರಿಸಿದರು. ಶೂನ್ಯಸಂಪಾದನೆ ಎಂಬ ಮಹಾಗ್ರಂಥವು ಶರಣರ ಸಂವಾದಗಳನ್ನೇ ಹೆಣೆದು ಕಟ್ಟಿದ್ದಲ್ಲವೆ? ಅರಿವನ್ನೇ ಗುರುವೆಂದು ಬಗೆದ ಮನೆತನಗಳಲ್ಲಿ ಮಕ್ಕಳ ಪ್ರಶ್ನೆಗೆ ಮಣೆ ಹಾಕದಿದ್ದರೆ ಇನ್ನೆಲ್ಲಿ ಹಾಕಬೇಕು?

ಈ ವಿಚಾರವನ್ನು ನಾನು ಬಹುಕಾಲದಿಂದ ನಂಬಿದ್ದೆನಾದರೂ ಅದರ ಪೂರ್ಣ ಬೆಲೆ ಮನವರಿಕೆಯಾದದ್ದು ಮೊಮ್ಮಕ್ಕಳಿಬ್ಬರಿಗೆ ಮನೆಯಲ್ಲಿಯೇ ಒಂದು ತಿಂಗಳು ಡೈನೋಸಾರ್ ಪಾಠ ಮಾಡಿದಾಗ. 'ಇಷ್ಟು ಚಿಕ್ಕ ಮಕ್ಕಳಿಗೆ ಡೈನೋಸಾರೇ?' ಎಂದು ಓದುಗ ತಾಯಂದಿರು ನಗಬಹುದು. ಆ ಪಾಠ ಹೇಗೆ ನಡೆಯಿತು, ಎಲ್ಲಿಗೆ ಬಂದು ಮುಟ್ಟಿತು ಎಂಬುದನ್ನು ತಿಳಿಸಿದರೆ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿರುವ ಮನೆಗಳಿಗೆ ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ವಿಜಯಪುರ ಜಿಲ್ಲೆಯ ಡೋಣಿ ಸಾಲಿನ ಒಕ್ಕಲುತನದ ಮನೆ ನಮ್ಮದು. ಮೊಮ್ಮಗಳಿಗೆ ಆಗ ಐದು ತುಂಬಲು ನಾಲ್ಕು ತಿಂಗಳಿತ್ತು, ಮೊಮ್ಮಗನಿಗೆ ಮೂರೂವರೆ. ಮುಂದಿನ ವರ್ಷ ಶಾಲೆಗೆ ಸೇರಿಸುವವರೆಗೆ ಮಕ್ಕಳು ನನ್ನ ಬಳಿಯೇ ಕಲಿಯಲಿ ಎಂದು ಮಗ, ಸೊಸೆ ಒಪ್ಪಿದ್ದರು. ಆದರೂ ಸೊಸೆಗೆ ಒಳಗೊಳಗೇ ಕಳವಳ. ನೆರೆಮನೆಯ ಮಗು ನೂರರವರೆಗೆ ಬರೆಯುತ್ತದೆ, ಇಂಗ್ಲಿಷ್ ಅಕ್ಷರಗಳನ್ನು ಒಪ್ಪಿಸುತ್ತದೆ. ನಮ್ಮವು ಮಣ್ಣಾಡುತ್ತ ಕುಳಿತಿವೆ ಎಂಬ ಚಿಂತೆ. ತಾಯಿಯ ಮನಸ್ಸು, ಅದು ಸಹಜವೇ.

ಎಳೆಯರ ಶಿಕ್ಷಣವನ್ನು ಆಟದಿಂದ ಬೇರ್ಪಡಿಸಬಾರದೆಂಬ ಮಾತು ಹೊಸದಲ್ಲ. ಗುಜರಾತದ ಭಾವನಗರದಲ್ಲಿ 1920ರಲ್ಲಿಯೇ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರು ಬೆತ್ತವನ್ನೂ ಬಾಯಿಪಾಠವನ್ನೂ ಹೊರಗಿಟ್ಟು ಕಥೆ, ಆಟ, ಕೈಕೆಲಸಗಳಿಂದ ಮಕ್ಕಳನ್ನು ಬೆಳೆಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಬುನಾದಿಯ ಹಂತವೆಂದು ಕರೆದು ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆ. ಮಗುವಿಗೆ ಪ್ರಿಯವಾದ ಒಂದೇ ವಿಷಯವನ್ನು ಹಿಡಿದು ಅದರಿಂದಲೇ ಎಣಿಕೆ, ಮಾತು, ಚಿತ್ರ, ಕಥೆ, ನಡತೆಗಳನ್ನೆಲ್ಲ ಹೊರಡಿಸುವುದು ಈ ದಾರಿಯ ಒಂದು ಕ್ರಮ. ವಿಷಯ ಯಾವುದೆಂಬುದನ್ನು ಮಗುವೇ ಸೂಚಿಸಿದರೆ ಇನ್ನೂ ಒಳ್ಳೆಯದು.

ನಮ್ಮಲ್ಲಿ ಅದನ್ನು ಸೂಚಿಸಿದವನು ಕಿರಿಯವನು. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದಿಂದ ಎರೆಮಣ್ಣು ತಂದು ಎತ್ತುಗಳನ್ನು ಮಾಡುತ್ತಿದ್ದೆವು. ಅವನು ತನ್ನ ಎತ್ತಿನ ಕುತ್ತಿಗೆಯನ್ನು ಎಳೆದೆಳೆದು ಗೇಣುದ್ದ ಮಾಡಿದ. ಅಕ್ಕ ನೋಡಿ, 'ಇದು ಎತ್ತಲ್ಲ, ಡೈನೋಸಾರ್' ಎಂದಳು. ಎಲ್ಲಿಯೋ ದೂರದರ್ಶನದಲ್ಲಿ ಕಂಡಿದ್ದಳು. ಪೂಜೆ ಮುಗಿದು ಎತ್ತುಗಳು ನೀರಿಗೆ ಹೋದರೂ ಉಳಿದ ಮಣ್ಣಿನಿಂದ ಡೈನೋಸಾರುಗಳು ಹುಟ್ಟುತ್ತಲೇ ಇದ್ದವು. ಅದನ್ನೇ ಪಾಠವಾಗಿಸೋಣವೆಂದು ನಿಶ್ಚಯಿಸಿದೆ.

ಮೊದಲು ಒಂದು ವಾರ ನಾನೇ ಓದಿಕೊಂಡೆ. ಮಗುವಿಗೆ ಒಂದು ಸೇರು ಹೇಳಬೇಕಾದರೆ ಹಿರಿಯರಲ್ಲಿ ಒಂದು ಚೀಲವಾದರೂ ಇರಬೇಕು. ಎರಡು ನಿಯಮಗಳನ್ನು ಹಾಕಿಕೊಂಡೆ. ಒಂದು, ಮಕ್ಕಳನ್ನು ಹೆದರಿಸಲು, ಊಟ ಮಾಡಿಸಲು, ಮಲಗಿಸಲು ಈ ಪ್ರಾಣಿಗಳ ಹೆಸರನ್ನು ಎತ್ತಬಾರದು. ಎರಡು, ತಿಳಿದದ್ದನ್ನು ತಿಳಿದಂತೆಯೇ ಹೇಳಬೇಕು. ಲೋಕದಲ್ಲಿ ಯಾರಿಗೂ ತಿಳಿಯದುದನ್ನು ತಿಳಿಯದೆಂದೇ ಹೇಳಬೇಕು. ಬೆಳಗಿನ ಪೂಜೆ, ಉಪಾಹಾರಗಳಾದ ಮೇಲೆ ಮುಕ್ಕಾಲು ಗಂಟೆ ಪಾಠ. ಮಗುವಿನ ಗಮನ ಅಷ್ಟರಲ್ಲಿಯೇ ತೀರುತ್ತದೆ.

ಮೊದಲ ವಾರದ ವಿಷಯ ಅಳತೆ. ನಮ್ಮ ದೇಶದ ಪ್ರಾಣಿಯಿಂದಲೇ ಆರಂಭಿಸಿದೆ. ಗೋದಾವರಿ ಕಣಿವೆಯ ಕೆಂಪು ಮಣ್ಣಿನ ಪದರುಗಳಲ್ಲಿ ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದು, 1975ರಲ್ಲಿ ಹೆಸರಿಟ್ಟ ಡೈನೋಸಾರ್ 'ಬರಾಪಾಸಾರಸ್'. ಆಳೆತ್ತರದ ತೊಡೆಯೆಲುಬು ದೊರೆತುದರಿಂದ 'ದೊಡ್ಡ ಕಾಲಿನದು' ಎಂದು ಆ ಹೆಸರು. ಉತ್ಖನನದ ಕಾಲ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಕಾಲವೂ ಆಗಿದ್ದುದರಿಂದ ಕವಿಯ ಹೆಸರೂ ಅದಕ್ಕೆ ಸೇರಿತು. ಅದು ಸೊಪ್ಪುಸದೆ ತಿನ್ನುತ್ತಿದ್ದ, ಸುಮಾರು 14 ಮೀಟರ್ ಉದ್ದದ ಪ್ರಾಣಿ. ನಾಲ್ಕು ವರ್ಷದ ಮಗುವಿಗೆ 14 ಮೀಟರ್ ಎಂದರೇನು ತಿಳಿದೀತು? ಪೆಟ್ಟಿಗೆಯಿಂದ ನನ್ನ ಒಂಬತ್ತು ಗಜದ ಇಳಕಲ್ ಸೀರೆ ತೆಗೆದು ಅಂಗಳದಲ್ಲಿ ಉದ್ದಕ್ಕೆ ಹಾಸಿದೆ. ಸಾಲಲಿಲ್ಲ. ಇನ್ನೊಂದು ಸೀರೆ ಜೋಡಿಸಿ ಅದರ ಮುಕ್ಕಾಲು ಪಾಲಿನ ಸಮೀಪ ಹೋದಾಗ ಬಾಲದ ತುದಿ ಮುಟ್ಟಿತು. ಮಕ್ಕಳು ಆ ಉದ್ದಕ್ಕೂ ಹೆಜ್ಜೆ ಎಣಿಸಿದರು, ಮಲಗಿ ಅಳೆದರು, ಎತ್ತಿನ ಬಂಡಿಗೆ ಹೋಲಿಸಿದರು. ಇಪ್ಪತ್ತರ ಮುಂದಿನ ಎಣಿಕೆ ಆ ಸೀರೆಯ ಅಂಚಿನ ಮೇಲೆಯೇ ಬಂದುಬಿಟ್ಟಿತು.

ಆಮೇಲೆ ಚಿತ್ರ ಬರೆಯಲು ಕುಳಿತಾಗ ಮೊಮ್ಮಗಳು, 'ಇದರ ಮಾರಿ ಹೆಂಗಿತ್ತು ಆಯಿ?' ಎಂದಳು. ಬರಾಪಾಸಾರಸ್‌ನ ನೂರಾರು ಎಲುಬುಗಳು ದೊರೆತಿವೆ, ಹಲ್ಲುಗಳು ದೊರೆತಿವೆ; ತಲೆಬುರುಡೆ ಮಾತ್ರ ದೊರೆತಿಲ್ಲ. ಇದ್ದದ್ದನ್ನು ಇದ್ದಂತೆಯೇ ಹೇಳಿದೆ. 'ದೊಡ್ಡ ದೊಡ್ಡ ಓದಿದವರಿಗೂ ಗೊತ್ತಿಲ್ಲೇನು?' ಎಂದು ಅವಳಿಗೆ ಪರಮಾಶ್ಚರ್ಯ. ಗೊತ್ತಿಲ್ಲವೆಂದು ಹೇಳಿಕೊಳ್ಳಲು ಅವರು ನಾಚುವುದಿಲ್ಲ, ಅದಕ್ಕೇ ಅವರು ಓದಿದವರು ಎಂದೆ. ಹಲ್ಲುಗಳನ್ನು ನೋಡಿ ಸೊಪ್ಪು ತಿನ್ನುತ್ತಿತ್ತೆಂದು ಊಹಿಸಬಹುದು. ಬಣ್ಣವನ್ನು ನಮ್ಮ ಮನಸ್ಸಿನಿಂದ ಹಾಕಬಹುದು. ಚಿತ್ರದ ಕೆಳಗೆ 'ಇದು ನಮ್ಮ ಊಹೆ' ಎಂದು ನಾನು ಬರೆದುಕೊಟ್ಟೆ. ಅಂದಿನಿಂದ ಮನೆಯಲ್ಲಿ ಒಂದು ಹೊಸ ಮಾತು ಚಾಲ್ತಿಗೆ ಬಂತು. ಯಾರಾದರೂ ಏನಾದರೂ ಹೇಳಿದರೆ, 'ಇದು ಗೊತ್ತಿದ್ದದ್ದೋ, ಊಹೆಯೋ?' ಎಂದು ಹುಡುಗಿ ಕೇಳತೊಡಗಿದಳು. ಹೊಲದ ಧಾರಣೆಯ ಮಾತಾಡುತ್ತಿದ್ದ ಮಗನೂ ಒಮ್ಮೆ ಈ ಪ್ರಶ್ನೆಗೆ ಸಿಕ್ಕಿ ನಕ್ಕು ಸುಮ್ಮನಾದ.

ಎರಡನೆಯ ವಾರ ಕಾಲದ ಪಾಠ. ಇದು ಹಿರಿಯರಿಗೂ ಕಠಿಣ. ಕೋಟಿ ವರ್ಷವೆಂಬುದು ಮಗುವಿಗೆ ಬರಿಯ ಶಬ್ದ. ಅದಕ್ಕಾಗಿ ನೊಗಕ್ಕೆ ಕಟ್ಟುವ ಹಗ್ಗವನ್ನು ಬಳಸಿದೆ. ಒಂದು ಗೇಣಿಗೆ ಒಂದು ಕೋಟಿ ವರ್ಷ. ಈಗಿನ ದಿನವೆಂದು ಹಗ್ಗದ ಒಂದು ತುದಿಯನ್ನು ಹೊಸ್ತಿಲಿಗೆ ಹಿಡಿದರೆ ಮೊದಲ ಡೈನೋಸಾರುಗಳು ಸುಮಾರು 23 ಗೇಣು ಆಚೆ, ತಲಬಾಗಿಲನ್ನೂ ದಾಟಿ ಅಂಗಳದ ನಡುವೆ ನಿಲ್ಲುತ್ತವೆ. ಹಕ್ಕಿಗಳನ್ನುಳಿದು ಮಿಕ್ಕ ಡೈನೋಸಾರುಗಳೆಲ್ಲ ಅಳಿದುಹೋದದ್ದು ಆರೂವರೆ ಗೇಣಿನ ಬಳಿ, ಅಂದರೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಮನುಷ್ಯ ಕುಲಕ್ಕೆ ಸುಮಾರು ಮೂರು ಲಕ್ಷ ವರ್ಷ. ಅದು ಹಗ್ಗದ ತುದಿಯಲ್ಲಿ ಒಂದು ಕಡಲೆಕಾಳಿನಷ್ಟು ಅಗಲ. ಇನ್ನು ಬಸವಣ್ಣನವರ ಕಾಲದಿಂದ ಇಂದಿನವರೆಗೆ ಕಳೆದ ಎಂಟುನೂರಕ್ಕೂ ಹೆಚ್ಚು ವರ್ಷ? ತಲೆಗೂದಲಿನ ಎಳೆಗಿಂತಲೂ ತೆಳು. ಮಕ್ಕಳಿಗಾಗಿ ಮಾಡಿದ ಲೆಕ್ಕ ನನ್ನನ್ನೇ ಮೌನವಾಗಿಸಿತು. ನಾವು ಬಹುಪುರಾತನವೆಂದು ಕೈಮುಗಿಯುವ ಕಲ್ಯಾಣವೂ ಈ ಭೂಮಿಯ ಆಯುಷ್ಯದಲ್ಲಿ ಈಗತಾನೆ ಆಡಿದ ಮಾತಿನಂತೆ. ಆ ಮಾತಿಗೆ ಇನ್ನೂ ತಂಗಳಾಗುವಷ್ಟು ಹೊತ್ತಾಗಿಲ್ಲ.

ಡೈನೋಸಾರ್ ಎಂದರೆ ಅಮೆರಿಕದ್ದು, ಸಿನಿಮಾದ್ದು ಎಂಬ ಭಾವನೆ ಹಲವರಲ್ಲಿದೆ. ಅದು ನಮ್ಮ ಹೊಲದ ಮಣ್ಣಿನ ಕಥೆಯೂ ಹೌದು. ಅವು ಅಳಿದ ಕಾಲಕ್ಕೆ ಭಾರತ ಭೂಮಿ ಏಷ್ಯಾದೊಡನೆ ಇನ್ನೂ ಒಂದಾಗಿರಲಿಲ್ಲ, ಹಿಮಾಲಯ ಎದ್ದಿರಲಿಲ್ಲ. ಸಮುದ್ರದ ನಡುವೆ ಉತ್ತರಕ್ಕೆ ಸರಿಯುತ್ತಿದ್ದ ನೆಲ ಅದು. ಆಗ ಇಲ್ಲಿ ನೆಲ ಬಿರಿದು ಕಾದ ಶಿಲಾರಸ ಅಲೆಯಲೆಯಾಗಿ ಹರಿದು ಹೆಪ್ಪುಗಟ್ಟಿತು. ದಖನ್ ಟ್ರ್ಯಾಪ್ ಎಂದು ಕರೆಯುವ ಈ ಕಪ್ಪು ಕಲ್ಲಿನ ಹಾಸು ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದಿದೆ. ಅದರ ದಕ್ಷಿಣದ ಅಂಚು ನಮ್ಮ ವಿಜಯಪುರ, ಬೆಳಗಾವಿ, ಕಲಬುರ್ಗಿ, ಬೀದರ ಜಿಲ್ಲೆಗಳಲ್ಲಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆ ಈ ಕಲ್ಲಿನ ಮೇಲೆಯೇ ಇದೆ. ಗೋಳಗುಮ್ಮಟವನ್ನು ಕಟ್ಟಿದ್ದೂ ಇದೇ ಕಪ್ಪು ಕಲ್ಲಿನಿಂದ. ಅದು ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಸವೆದು ಪುಡಿಯಾಗಿ ನಮ್ಮ ಎರೆಭೂಮಿಯಾಯಿತು. ಬಿಳಿಜೋಳ ಬೆಳೆಯುವ ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಡುವ ಮಣ್ಣು, ಮಕ್ಕಳು ಎತ್ತು ಮಾಡುವ ಮಣ್ಣು, ಎಲ್ಲವೂ ಆ ಬೆಂಕಿಯ ಮಗಳೇ. ಆ ಕಾಲದಲ್ಲಿಯೇ ಸುಮಾರು 10 ಕಿಲೋಮೀಟರ್ ಅಗಲದ ಆಕಾಶಶಿಲೆಯೊಂದು ಇಂದಿನ ಮೆಕ್ಸಿಕೋ ದೇಶದ ಭಾಗದಲ್ಲಿ ಬಂದು ಅಪ್ಪಳಿಸಿತು. ಎದ್ದ ಧೂಳು ಹೊಗೆಗಳಿಗೆ ಸೂರ್ಯ ಮರೆಯಾಗಿ, ಗಿಡ ಬಾಡಿ, ತಿನ್ನಲಿಲ್ಲದೆ ದೊಡ್ಡ ಪ್ರಾಣಿಗಳು ಅಳಿದವೆಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ನೆಲದ ಬೆಂಕಿಯ ಪಾಲು ಅದರಲ್ಲಿ ಎಷ್ಟೆಂಬ ಚರ್ಚೆ ಅವರಲ್ಲಿ ಇನ್ನೂ ನಡೆದಿದೆ.

ಮಕ್ಕಳೊಡನೆ ಹೊಲದ ಬಾವಿಗೆ ಹೋಗಿ ದೂರದಿಂದಲೇ ಅದರ ಗೋಡೆಯ ಕಲ್ಲಿನ ಪದರುಗಳನ್ನು ತೋರಿಸಿದೆ. ಮನೆಗೆ ಬಂದು ಎರೆಮಣ್ಣಿನ ಗುಡ್ಡ ಮಾಡಿ, ತುದಿಯ ಕುಳಿಯಲ್ಲಿ ಅಡುಗೆ ಸೋಡಾ ಇಟ್ಟು, ಕುಂಕುಮ ಕಲಸಿದ ನಿಂಬೆರಸ ಹೊಯ್ದೆವು. ಕೆಂಪು ನೊರೆ ಉಕ್ಕಿ ಹರಿದಾಗ ಆಗಿನ ಕೇಕೆಗೆ ಕೊಟ್ಟಿಗೆಯ ದನಗಳು ಕಿವಿ ನಿಮಿರಿಸಿದವು. ನಿಂಬೆಯ ಹುಳಿ ಸೋಡಾದೊಡನೆ ಕೂಡಿದಾಗ ಗಾಳಿ ಹುಟ್ಟಿ ನೊರೆಯಾಗುತ್ತದೆ, ನಿಜವಾದ ಜ್ವಾಲಾಮುಖಿಯಲ್ಲಿ ಹರಿಯುವುದು ಕರಗಿದ ಕಲ್ಲು ಎಂದು ಎರಡರ ಭೇದವನ್ನೂ ಹೇಳಿದೆ. ಆಟವನ್ನು ಆಟವೆಂದೇ ತಿಳಿಸಬೇಕು.

ಮೂರನೆಯ ವಾರ ಆಹಾರ, ಮೊಟ್ಟೆ, ಮರಿಗಳ ವಿಷಯ. ಗುಜರಾತದ ಬಾಲಾಸಿನೋರ್ ಬಳಿಯ ರಹಿಯೋಲಿಯಲ್ಲಿ 1980ರ ದಶಕದ ಆರಂಭದಲ್ಲಿ ದೊರೆತ ಎಲುಬುಗಳಿಂದ 2003ರಲ್ಲಿ ಗುರುತಿಸಿದ ಮಾಂಸಾಹಾರಿ ಪ್ರಾಣಿ ರಾಜಾಸಾರಸ್; ತಲೆಯ ಮೇಲೆ ಗಿಡ್ಡ ಕೊಂಬಿತ್ತು. ನರ್ಮದಾ ಕಣಿವೆಯಲ್ಲಿ, ಮಧ್ಯಪ್ರದೇಶದ ಧಾರ ಜಿಲ್ಲೆಯಲ್ಲಿ 92 ಗೂಡುಗಳೂ 256 ಮೊಟ್ಟೆಗಳೂ ದೊರೆತ ಸಂಗತಿಯನ್ನು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಪರ್ವತದಂಥ ಪ್ರಾಣಿಯ ಮೊಟ್ಟೆ ನಾರು ಸುಲಿಯದ ತೆಂಗಿನಕಾಯಿಯಷ್ಟೇ ಇತ್ತೆಂದು ತಿಳಿದು ಮಕ್ಕಳು ಬಹಳ ನಕ್ಕರು.

ಮೊರದಲ್ಲಿ ಮಣ್ಣಿನ ಪ್ರಾಣಿಗಳನ್ನು ಸೊಪ್ಪು ತಿನ್ನುವವು, ಮಾಂಸ ತಿನ್ನುವವು ಎಂದು ಎರಡು ಗುಂಪು ಮಾಡುತ್ತಿದ್ದಾಗ ಹಿರಿಯವಳು ರಾಜಾಸಾರಸ್‌ನನ್ನು ಹಿಡಿದು, 'ಇದಕ್ಕ ಪಾಪ ಬರತದೇನು?' ಎಂದಳು. ಹುಲ್ಲನ್ನು ಅರಗಿಸಲು ಅದಕ್ಕೆ ಹೊಟ್ಟೆಯಿರಲಿಲ್ಲ. ಹಸಿವಾದಾಗ ಅದು ತನ್ನ ಪ್ರಕೃತಿಯಂತೆ ನಡೆಯಿತು. ಹೀಗೆ ಮಾಡಲೋ ಬೇಡವೋ ಎಂದು ಯೋಚಿಸುವ ಶಕ್ತಿ ಇರುವುದು ನಮಗೆ, ಆದ್ದರಿಂದ ದಯೆಯ ಹೊಣೆಯೂ ನಮ್ಮದೇ ಎಂದೆ. ಬಸವಣ್ಣನವರು ಧರ್ಮದಲ್ಲಿ ದಯೆಗೆ ಕೊಟ್ಟ ಸ್ಥಾನವನ್ನು ಐದು ವರ್ಷದ ಮಗುವಿಗೆ ಇದಕ್ಕಿಂತ ಸುಲಭವಾಗಿ ತಿಳಿಸುವ ಅವಕಾಶ ನನಗೆ ಬೇರೆ ದೊರೆತಿಲ್ಲ. ಎರಡು ಕಾಲಿನ ಮಾಂಸಾಹಾರಿ ಡೈನೋಸಾರುಗಳ ಕುಲದಿಂದಲೇ ಹಕ್ಕಿಗಳು ಬಂದವೆಂದು ತಿಳಿದ ಮೇಲಂತೂ ಕಿರಿಯವನು ಮಾಳಿಗೆಯ ಕಾಗೆಗೆ ರೊಟ್ಟಿಯ ಚೂರು ಹಾಕುತ್ತ, 'ಡೈನೋಸಾರ್ ಬಂತು, ಡೈನೋಸಾರ್ ಬಂತು' ಎಂದು ಕೂಗುತ್ತಿದ್ದ. ಹಸಿಮಣ್ಣಿನ ಮೇಲಿನ ಕಾಗೆಯ ಹೆಜ್ಜೆಯ ಬೆರಳುಗಳನ್ನು ಎಣಿಸಿ ಪುಸ್ತಕದ ಚಿತ್ರದೊಡನೆ ಹೋಲಿಸುವುದು ಅವನ ನಿತ್ಯದ ಕಾಯಕವಾಯಿತು.

ನಾಲ್ಕನೆಯ ವಾರ, ಎಲುಬು ಕಲ್ಲಾಗುವ ಬಗೆ ಮತ್ತು ಅದನ್ನು ಹುಡುಕುವವರ ಕಥೆ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಎಲುಬಿನಾಕಾರದಲ್ಲಿ ಕತ್ತರಿಸಿ, ಗಟ್ಟಿ ಉಪ್ಪುನೀರಿನಲ್ಲಿ ನೆನೆಸಿ, ಉಸುಕಿನಲ್ಲಿ ಹೂತು, ಬಿಸಿಲಿಗಿಟ್ಟೆವು. ಕೆಲವು ದಿನಗಳಲ್ಲಿ ನೀರಾರಿ ಉಪ್ಪು ಅದರ ತೂತುಗಳಲ್ಲಿ ನಿಂತು ಸ್ಪಂಜು ಬಿರುಸಾಯಿತು. ಹಾಗೆಯೇ ಕೆಸರಿನಲ್ಲಿ ಬೇಗನೆ ಹೂತುಹೋದ ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ನೀರಿನೊಡನೆ ಬಂದ ಖನಿಜಗಳು ತುಂಬಿ, ಯುಗಗಳ ಮೇಲೆ ಅದು ಪಳೆಯುಳಿಕೆಯಾಗುತ್ತದೆ.

1828ರಲ್ಲಿ ಜಬಲ್ಪುರದ ಗುಡ್ಡವೊಂದರಲ್ಲಿ ಸ್ಲೀಮನ್ ಎಂಬ ಸೈನ್ಯಾಧಿಕಾರಿಗೆ ಇಂಥ ಎಲುಬುಗಳು ದೊರೆತವು. ಇಂಗ್ಲೆಂಡಿನ ರಿಚರ್ಡ್ ಓವೆನ್ 'ಡೈನೋಸಾರ್' ಎಂಬ ಹೆಸರನ್ನು ಬಳಕೆಗೆ ತಂದ 1842ಕ್ಕಿಂತಲೂ ಮೊದಲು. ಮೇರಿ ಆ್ಯನಿಂಗ್ ಅವರ ಕಥೆಯನ್ನೂ ಹೇಳಿದೆ. ಇಂಗ್ಲೆಂಡಿನ ಕಡಲತೀರದ ಲೈಮ್ ರೀಜಿಸ್ ಊರಿನ ಬಡ ಬಡಿಗನ ಮಗಳು. ಬಂಡೆಯ ಬುಡದಲ್ಲಿ ದೊರೆತ ಪಳೆಯುಳಿಕೆಗಳನ್ನು ಮಾರಿ ಮನೆ ನಡೆಸಿದವಳು. ಡೈನೋಸಾರುಗಳ ಕಾಲದಲ್ಲಿಯೇ ಸಮುದ್ರದಲ್ಲಿದ್ದ ದೊಡ್ಡ ಸರೀಸೃಪಗಳ ಪೂರ್ಣ ಅಸ್ಥಿಗಳನ್ನು ಕಂಡುಹಿಡಿದವಳು. ಹೆಂಗಸೆಂಬ ಕಾರಣಕ್ಕೆ ಲಂಡನ್ನಿನ ಭೂವಿಜ್ಞಾನ ಸಂಘ ಅವಳನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. 1847ರಲ್ಲಿ ತೀರಿಕೊಂಡ ಆಕೆಯ ಹೆಸರು ಇಂದು ವಿಜ್ಞಾನದ ಚರಿತ್ರೆಯಲ್ಲಿ ನಿಂತಿದೆ. ಕಾಯಕವನ್ನು ನೆಚ್ಚಿದವರಿಗೆ ಜಾತಿ, ಲಿಂಗಭೇದಗಳ ಬಾಗಿಲು ಎಷ್ಟು ದಿನ ಅಡ್ಡವಾದೀತು? ಕಲ್ಯಾಣದ ಶರಣೆಯರ ಕಥೆ ಕೇಳಿ ಬೆಳೆಯುವ ಹುಡುಗಿಗೆ ಮೇರಿಯ ಕಥೆ ಪರಕೀಯವೆನಿಸಲಿಲ್ಲ.

ಆ ದಿನವೇ ಪುಸ್ತಕದಲ್ಲಿದ್ದ ಚಿತ್ರವೊಂದನ್ನು ಅವಳು ಬಹಳ ಹೊತ್ತು ನೋಡಿದಳು. ನೆಲ ಅಗೆದು, ಕುಂಚದಿಂದ ಮಣ್ಣು ಸರಿಸಿ ಎಲುಬು ಬಿಡಿಸುತ್ತಿರುವ ಚಿತ್ರ. ನಂತರ ಮೆಲ್ಲಗೆ, 'ಆಯಿ, ಮುತ್ಯಾನ್ನೂ ಹಿಂಗ ಅಗದು ತಗೀತಾರೇನು? ಮುತ್ಯಾನೂ ಕಲ್ಲ ಆಗ್ತಾನೇನು?' ಎಂದು ಕೇಳಿದಳು.

ನಮ್ಮ ಯಜಮಾನರು ಲಿಂಗೈಕ್ಯರಾಗಿ ಆಗ ಹತ್ತು ತಿಂಗಳು. ನಮ್ಮ ಸಂಪ್ರದಾಯದಂತೆ ಅವರನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಹೊಲದಲ್ಲಿಯೇ ಸಮಾಧಿ ಮಾಡಿದ್ದೆವು. ಆ ದಿನ ಮಕ್ಕಳೂ ವಿಭೂತಿ, ಬಿಲ್ವಪತ್ರೆ ಸಮರ್ಪಿಸಿದ್ದರು. ಯಾರೂ ಅವರೊಡನೆ ಆ ಬಗ್ಗೆ ಆಮೇಲೆ ಮಾತಾಡಿರಲಿಲ್ಲ. 'ಮುತ್ಯಾ ದೇವರ ಮನಿಗೆ ಹೋಗ್ಯಾನ' ಎಂದು ಯಾರೋ ಹೇಳಿದ್ದರು. ಮಣ್ಣಿನೊಳಗೆ ಇಳಿಸಿದ್ದನ್ನು ಮಗು ಕಣ್ಣಾರೆ ಕಂಡಿತ್ತು. ಈ ಎರಡನ್ನೂ ಒಂದುಗೂಡಿಸಲಾರದೆ ಹತ್ತು ತಿಂಗಳು ಆ ಪುಟ್ಟ ಎದೆ ಹೊತ್ತುಕೊಂಡಿದ್ದ ಪ್ರಶ್ನೆ ಡೈನೋಸಾರಿನ ಬೆನ್ನೇರಿ ಹೊರಗೆ ಬಂತು.

ಬಾಗಿಲಲ್ಲಿ ನಿಂತಿದ್ದ ಸೊಸೆ, 'ಅತ್ತೀ, ಇಷ್ಟ ಸಣ್ಣ ಮಕ್ಕಳ ಮುಂದ ಇದೆಲ್ಲಾ ಯಾಕ್ರಿ?' ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳನ್ನೂ ಹತ್ತಿರ ಕೂಡಿಸಿಕೊಂಡೆ. ಈ ಪ್ರಶ್ನೆಯನ್ನು ನಾವು ಹುಟ್ಟಿಸಿದ್ದಲ್ಲ. ಅದು ಮಗುವಿನಲ್ಲಿ ಮೊದಲೇ ಇತ್ತು. ನಾವು ಉತ್ತರಿಸದಿದ್ದರೆ ಕತ್ತಲು ಉತ್ತರಿಸುತ್ತದೆ.

ಮೊಮ್ಮಗಳಿಗೆ ಹೇಳಿದೆ: 'ಯಾರೂ ಅಗೆದು ತೆಗೆಯುವುದಿಲ್ಲವ್ವಾ. ಅದು ನಮ್ಮ ಹೊಲ, ನಾವು ಕಾಯುತ್ತೇವೆ. ಮುತ್ಯಾ ಕಲ್ಲಾಗುವುದಿಲ್ಲ. ಭೂಮಿಗೆ ಹೋದ ದೇಹಗಳಲ್ಲಿ ಸಾವಿರಕ್ಕೊಂದಲ್ಲ, ಎಣಿಸಲಾರದಷ್ಟರಲ್ಲಿ ಒಂದು ಮಾತ್ರ ಕಲ್ಲಾಗುತ್ತದೆ. ಉಳಿದವೆಲ್ಲ ಮಣ್ಣಾಗುತ್ತವೆ. ಮುತ್ಯಾನ ದೇಹವೂ ಮೆಲ್ಲಗೆ ನಮ್ಮ ಎರೆಮಣ್ಣಾಗುತ್ತದೆ.' 'ಅವಗ ನೋವಾಗತದೇನು?' 'ಇಲ್ಲ. ಉಸಿರು ನಿಂತ ಮೇಲೆ ದೇಹಕ್ಕೆ ನೋವಿಲ್ಲ, ಹಸಿವಿಲ್ಲ, ಚಳಿಯಿಲ್ಲ.' 'ಮತ್ತ ದೇವರ ಮನಿ?' ಆಗ ನಾನು ನಮ್ಮ ಹಿರಿಯರು ನಂಬಿಕೊಂಡು ಬಂದುದನ್ನು ನಂಬಿಕೆಯೆಂದೇ ಹೇಳಿದೆ. ದೇಹ ಮಣ್ಣಿನಲ್ಲಿ ಕೂಡುವ ಹಾಗೆ ಒಳಗಿನ ಬೆಳಕು ದೊಡ್ಡ ಬೆಳಕಿನಲ್ಲಿ ಕೂಡುತ್ತದೆ, ಅದನ್ನೇ ಲಿಂಗೈಕ್ಯವೆನ್ನುತ್ತೇವೆ; ದೇವರ ಮನೆಯೆಂದು ಜನ ಹೇಳುವುದು ಅದಕ್ಕೇ, ಅದು ಗೋಡೆ ಬಾಗಿಲುಗಳಿರುವ ಮನೆಯಲ್ಲ ಎಂದೆ. 'ಇದು ಗೊತ್ತಿದ್ದದ್ದೋ, ಊಹೆಯೋ?' ಎಂದು ಅವಳು ಕೇಳಿಯೇ ಕೇಳಿದಳು. 'ಮಣ್ಣಾಗುವುದು ಗೊತ್ತಿದ್ದದ್ದು. ಬೆಳಕಾಗುವುದು ಊಹೆಯಲ್ಲ, ಅಳತೆಗೆ ಸಿಗುವ ತಿಳಿವೂ ಅಲ್ಲ. ನಾವು ನಂಬಿ ಬದುಕುವ ಮಾತು. ದೊಡ್ಡವಳಾದ ಮೇಲೆ ನೀನೇ ವಿಚಾರಿಸಿ ನೋಡು' ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರ ಅಲ್ಲಿ ಜೋಳ ಚೊಲೋ ಬೆಳೀತದ' ಎಂದಳು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನನಗೂ ಹತ್ತು ತಿಂಗಳಿನಿಂದ ಬಿಗಿದಿದ್ದ ಗಂಟೊಂದು ಸಡಿಲಿದಂತಾಯಿತು. ಅಂದು ರಾತ್ರಿ ಮಗು ಚೆನ್ನಾಗಿ ಮಲಗಿತು. ಮುಂದಿನ ಅಮಾವಾಸ್ಯೆಗೆ ಸಮಾಧಿಗೆ ಹೋದಾಗ ಹಿಂದಿನಂತೆ ತಾಯಿಯ ಸೆರಗಿನಲ್ಲಿ ಮರೆಯಾಗದೆ ತಾನೇ ಮುಂದೆ ಹೋಗಿ ಮಣ್ಣಿನ ಮೇಲೆ ಅಂಗೈ ಊರಿ ನಿಂತಳು. ಮುತ್ಯಾನ ಮಾತು ಈಗ ಮನೆಯಲ್ಲಿ ಬರುತ್ತದೆ. ಅವರು ಎತ್ತುಗಳನ್ನು ಹೆಸರಿಟ್ಟು ಕೂಗುತ್ತಿದ್ದ ಬಗೆಯನ್ನು ಮಕ್ಕಳು ಅನುಕರಿಸುತ್ತಾರೆ.

ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಮಕ್ಕಳಿಗೆ ಬಂದದ್ದೇನು? ಹಿರಿಯವಳು ಐವತ್ತರವರೆಗೆ ಎಣಿಸುತ್ತಾಳೆ, ಉದ್ದ ಗಿಡ್ಡ, ಭಾರ ಹಗುರ, ಮೊದಲು ಆಮೇಲೆ ಎಂಬ ಭೇದಗಳನ್ನು ಇಬ್ಬರೂ ಬಲ್ಲರು. 'ರಾ', 'ಬ', 'ಸ' ಅಕ್ಷರಗಳನ್ನು ಹುಡುಗಿ ತಾನಾಗಿಯೇ ಕೇಳಿ ಬರೆದಳು. ಕಿರಿಯವನ ಬೆರಳುಗಳು ಮಣ್ಣು ನಾದಿ ಬಲಗೊಂಡಿವೆ. ಬಳಪ ಹಿಡಿಯಲು ಇದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ. ಇವನ್ನೆಲ್ಲ ಶಾಲೆಯೂ ಕಲಿಸಬಲ್ಲದು. ಆದರೆ ಯಾವ ಪ್ರಶ್ನೆಯನ್ನು ತಂದರೂ ಈ ಮನೆಯಲ್ಲಿ ನಿಜವಾದ ಉತ್ತರ ಸಿಗುತ್ತದೆ ಎಂಬ ಭರವಸೆಯನ್ನು ಮಗುವಿಗೆ ಕೊಡಬೇಕಾದವರು ಮನೆಯವರೇ.

ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ದುಬಾರಿ ಆಟಿಕೆ ಬೇಡ, ಬಣ್ಣದ ಪುಸ್ತಕಗಳ ರಾಶಿ ಬೇಡ. ಒಂದು ಹಗ್ಗ, ಹಳೆಯ ಸೀರೆ, ಒಂದು ಹಿಡಿ ಮಣ್ಣು, ನಿತ್ಯ ಮುಕ್ಕಾಲು ಗಂಟೆ ನಿಮ್ಮ ಪೂರ್ಣ ಗಮನ ಸಾಕು. ಉಪ್ಪು, ಸೋಡಾಗಳ ಪ್ರಯೋಗದಲ್ಲಿ ಹಿರಿಯರು ಪಕ್ಕದಲ್ಲಿರಲಿ; ಬಾವಿಯ ಬಳಿ ಮಕ್ಕಳ ಕೈ ಬಿಡಬೇಡಿ. ಡೈನೋಸಾರ್ ಆಗಬಹುದು, ಇರುವೆಯಾಗಬಹುದು, ಮನೆಯ ಮುಂದಿನ ಬೇವಿನ ಮರವಾಗಬಹುದು. ಮಗು ಬೆರಳು ತೋರಿದ ಕಡೆಗೆ ನೀವೂ ನೋಡಿರಿ. ಗೊತ್ತಿದ್ದರೆ ಹೇಳಿರಿ, ಗೊತ್ತಿಲ್ಲದಿದ್ದರೆ ಕೂಡಿ ಹುಡುಕಿರಿ. ಸಾವಿನ ಮಾತು ಬಂದರೆ ಮುಖ ತಿರುಗಿಸಬೇಡಿರಿ. ಮರಣವನ್ನು ಮಹಾನವಮಿಯೆಂದು ಬಗೆದವರ ಮಕ್ಕಳು ನಾವು. ಆ ಧೈರ್ಯವನ್ನು ಎಳೆಯರಿಗೆ ದಾಟಿಸುವುದು ಭಯದಿಂದಲ್ಲ, ಮುಚ್ಚುಮರೆಯಿಂದಲ್ಲ. ಪ್ರೀತಿಯಿಂದ ಆಡಿದ ನಿಜದಿಂದ ಮಾತ್ರ. ಪ್ರತಿಯೊಂದು ಪಡಸಾಲೆಯೂ ಮಕ್ಕಳ ಪಾಲಿಗೆ ಒಂದು ಪುಟ್ಟ ಅನುಭವ ಮಂಟಪವಾಗಲಿ ಎಂದು ಹಾರೈಸುತ್ತೇನೆ.